ಹತ್ತು ಕೆಲ್ವಿನ್‌ನಲ್ಲಿ ಲೋಹ, ನೀರು ಮತ್ತು ಬೆಳಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ ಮತ್ತು ಶಿರಸಿಯ ಕಾಲೇಜುಗಳಲ್ಲಿ, ಅತಿಶೀತದಲ್ಲಿ ಲೋಹದ ಒಂಟಿ ಪರಮಾಣು ನೀರಿನ ಅಣುವಿನೊಡನೆ ಹೇಗೆ ಕ್ರಿಯೆ ನಡೆಸುತ್ತದೆ, ಅದರಲ್ಲಿ ಬೆಳಕಿನ ಪಾತ್ರವೇನು ಎಂಬ ವಿಷಯದ ಮೇಲೆ ಮಾತನಾಡಿದಾಗಲೆಲ್ಲ ವೇದಿಕೆಯ ಮೇಲೆ ಬಂದ ಪ್ರಶ್ನೆಗಳಿಗಿಂತ ಹೊರಗೆ ಚಹಾ ಕುಡಿಯುವಾಗ ಬಂದ ಪ್ರಶ್ನೆಗಳೇ ಹೆಚ್ಚು. ಕೆಲವರು ಊರಿಗೆ ಮರಳಿದ ಮೇಲೆ ಪತ್ರ ಬರೆದೂ ಕೇಳಿದ್ದಾರೆ. ಮತ್ತೆ ಮತ್ತೆ ಬಂದವುಗಳನ್ನು ಆಯ್ದು, ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಮೊದಲ ಭಾಗಕ್ಕೆ ಪಿಯುಸಿ ರಸಾಯನಶಾಸ್ತ್ರ ಸಾಕು; ಕೊನೆಯ ಭಾಗಕ್ಕೆ ಸ್ವಲ್ಪ ತಾಳ್ಮೆಯೂ ಬೇಕು.

ಆರಂಭದ ಪ್ರಶ್ನೆಗಳು

ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ ಎಂಬುದು ಬೈತಖೋಲದ ಬಂದರಿನಲ್ಲಿ ದೋಣಿ ಕಟ್ಟುವವರಿಗೆಲ್ಲ ಗೊತ್ತು. ಇದರಲ್ಲಿ ಹೊಸದಾಗಿ ತಿಳಿಯುವುದೇನಿದೆ?

ತುಕ್ಕು ಒಂದೇ ಕ್ರಿಯೆಯಲ್ಲ. ದೋಣಿಯ ಮೊಳೆಯ ಮೇಲೆ ನೀರು, ಗಾಳಿಯ ಆಕ್ಸಿಜನ್, ಕಡಲ ಉಪ್ಪು ಈ ಮೂರೂ ಸೇರಿ ಕೋಟ್ಯಂತರ ಪರಮಾಣುಗಳ ಮೇಲೆ ಏಕಕಾಲದಲ್ಲಿ ಕೆಲಸ ಮಾಡುತ್ತವೆ, ಮತ್ತು ನಮ್ಮ ಕಣ್ಣಿಗೆ ಬೀಳುವುದು ಆ ಎಲ್ಲ ಹಂತಗಳು ಮುಗಿದ ಮೇಲಿನ ಕೆಂಪು ಪುಡಿ ಮಾತ್ರ. ನಮ್ಮ ಮನೆಗಳ ಗೋಡೆಯ ಚಿರೇಕಲ್ಲು ಕೆಂಪಾಗಿರುವುದಕ್ಕೂ ಕಾರಣ ಅದರೊಳಗಿನ ಕಬ್ಬಿಣದ ಆಕ್ಸೈಡು ಮತ್ತು ಹೈಡ್ರಾಕ್ಸೈಡುಗಳೇ. ಅಲ್ಲಿ ಮಳೆನೀರು ಬಂಡೆಯ ಮೇಲೆ ದೀರ್ಘಕಾಲ ನಡೆಸಿದ ಕೆಲಸದ ಕೊನೆಯ ಪುಟವನ್ನು ನಾವು ನೋಡುತ್ತೇವೆ.

ಇಲ್ಲಿ ಚರ್ಚಿಸುತ್ತಿರುವ ರಸಾಯನಶಾಸ್ತ್ರ ಕೇಳುವುದು ಮೊದಲ ಪುಟದ ಪ್ರಶ್ನೆಯನ್ನು. ಲೋಹದ ಒಂದೇ ಒಂದು ಪರಮಾಣುವಿನ ಎದುರು ನೀರಿನ ಒಂದೇ ಒಂದು ಅಣುವನ್ನು ನಿಲ್ಲಿಸಿದರೆ ಮೊದಲು ಆಗುವುದೇನು? ಪ್ರಯೋಗಗಳು ಕೊಟ್ಟ ಉತ್ತರದಲ್ಲಿ ಎರಡು ಹಂತಗಳಿವೆ: ಮೊದಲು ನೀರು ಲೋಹವನ್ನು ಹಿಡಿಯುತ್ತದೆ, ಆಮೇಲೆ, ಕೆಲವೊಮ್ಮೆ ಮಾತ್ರ, ಲೋಹವು ನೀರನ್ನು ಒಡೆಯುತ್ತದೆ. ಹಿಡಿಯುವುದು ಬೇರೆ, ಒಡೆಯುವುದು ಬೇರೆ. ಕೋಣೆಯ ಉಷ್ಣತೆಯಲ್ಲಿ ಇವೆರಡೂ ಬೆರೆತುಹೋಗಿರುತ್ತವೆ, ಅತಿಶೀತದಲ್ಲಿ ಬೇರ್ಪಡುತ್ತವೆ. ಅನೇಕ ಲೋಹಗಳಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ದಾಟಿಸುವುದು ಬೆಳಕು.

ನೀರು ಲೋಹವನ್ನು "ಹಿಡಿಯುತ್ತದೆ" ಎಂದಿರಿ. ನಾವು ತೋಟಕ್ಕೆ ಹೊಡೆಯುವ ಮೈಲುತುತ್ತದಲ್ಲಿ ನೀರು ಇದೆ ಎನ್ನುತ್ತಾರೆ, ಅದೂ ಇದೇ ಏನು ಮಾಸ್ತರೇ?

ಶಿರಸಿಯ ಅಡಿಕೆ ಬೆಳೆಗಾರರೊಬ್ಬರು ಕೇಳಿದ ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು, ಏಕೆಂದರೆ ಉತ್ತರ ಬಹುಪಾಲು ಹೌದು. ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುತ್ತೇವಲ್ಲ, ಆ ಮೈಲುತುತ್ತದ ಹರಳಿನಲ್ಲಿ ಪ್ರತಿ ತಾಮ್ರಕ್ಕೆ ಐದು ನೀರಿನ ಅಣುಗಳಿವೆ. ಅವುಗಳಲ್ಲಿ ನಾಲ್ಕು ತಮ್ಮ ಆಕ್ಸಿಜನ್ ತುದಿಯಿಂದ ನೇರವಾಗಿ ತಾಮ್ರವನ್ನೇ ಹಿಡಿದಿವೆ. ಹರಳನ್ನು ಹಂಚಿನ ಮೇಲೆ ಕಾಯಿಸಿದರೆ ನೀರು ಹೊರಟುಹೋಗಿ ನೀಲಿ ಬಣ್ಣ ಮಾಯವಾಗುತ್ತದೆ, ಬಿಳಿ ಪುಡಿ ಉಳಿಯುತ್ತದೆ. ಒಂದು ಹನಿ ನೀರು ಬಿಟ್ಟರೆ ನೀಲಿ ಮರಳುತ್ತದೆ. ಅಂದರೆ ಲೋಹವನ್ನು ನೀರು ಹಿಡಿದಾಗ ಲೋಹವು ಬೆಳಕನ್ನು ಹೀರುವ ಬಗೆಯೇ ಬದಲಾಗುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಮೈಲುತುತ್ತದಲ್ಲಿರುವುದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರದ ಅಯಾನು. ಆ ಧನ ಆವೇಶಕ್ಕೆ ಆಕ್ಸಿಜನ್ನಿನ ಒಂಟಿ ಎಲೆಕ್ಟ್ರಾನ್ ಜೋಡಿ ಬಲವಾಗಿ ಆಕರ್ಷಿತವಾಗುತ್ತದೆ. ಇಲ್ಲಿ ಹೇಳುತ್ತಿರುವ ಪ್ರಯೋಗಗಳಲ್ಲಿ ಲೋಹ ಏನನ್ನೂ ಕಳೆದುಕೊಂಡಿರದ ತಟಸ್ಥ ಪರಮಾಣು. ಆದ್ದರಿಂದ ಹಿಡಿತವೂ ಸಡಿಲ. ಆದರೂ ನೀರು ಆಕ್ಸಿಜನ್ ತುದಿಯನ್ನೇ ಲೋಹದ ಕಡೆಗೆ ತಿರುಗಿಸಿ ನಿಲ್ಲುತ್ತದೆ, ಎರಡು ಹೈಡ್ರೋಜನ್‌ಗಳು ಹೊರಗೆ ಮುಖ ಮಾಡಿರುತ್ತವೆ.

ಸೋಡಿಯಮ್ ತುಂಡು ನೀರಿಗೆ ಬಿದ್ದ ಕೂಡಲೇ ಉರಿಯುತ್ತದಲ್ಲ ಸರ್, ಅದಕ್ಕೆ ಬೆಳಕು ಯಾಕೆ ಬೇಕು?

ಪ್ರತಿ ಸಭೆಯಲ್ಲೂ ಈ ಪ್ರಶ್ನೆ ಬರುತ್ತದೆ, ಮತ್ತು ಬರಲೇಬೇಕು. ತುಂಡು ಸೋಡಿಯಮ್‌ಗೂ ಒಂಟಿ ಸೋಡಿಯಮ್ ಪರಮಾಣುವಿಗೂ ಇರುವ ಅಂತರವನ್ನು ಲೆಕ್ಕ ಹಾಕಿ ನೋಡಿದರೆ ಹೆಚ್ಚಿನವರಿಗೆ ಆಶ್ಚರ್ಯವಾಗುತ್ತದೆ. ಬೀಕರಿನಲ್ಲಿ ಸೋಡಿಯಮ್ ನೀರಿನೊಡನೆ ಸೇರಿದಾಗ ಪ್ರತಿ ಮೋಲಿಗೆ ಸುಮಾರು 184 ಕಿಲೋಜೂಲ್ ಶಾಖ ಹೊರಬರುತ್ತದೆ. ಅದೇ ಅನಿಲ ಸ್ಥಿತಿಯ ಒಂದು ಸೋಡಿಯಮ್ ಪರಮಾಣು ಒಂದು ನೀರಿನ ಅಣುವನ್ನು ಒಡೆದು, ಸೋಡಿಯಮ್ ಹೈಡ್ರಾಕ್ಸೈಡಿನ ಒಂದು ಅಣುವನ್ನೂ ಒಂದು ಹೈಡ್ರೋಜನ್ ಪರಮಾಣುವನ್ನೂ ಕೊಡಬೇಕಾದರೆ ಶಕ್ತಿ ಹೊರಬರುವುದಿಲ್ಲ. ತದ್ವಿರುದ್ಧವಾಗಿ ಮೋಲಿಗೆ ಸುಮಾರು 160 ಕಿಲೋಜೂಲ್‌ನಷ್ಟು ನಾವೇ ಕೊಡಬೇಕಾಗುತ್ತದೆ.

ಹಾಗಾದರೆ ಬೀಕರಿನಲ್ಲಿ ಅಷ್ಟು ಶಾಖ ಎಲ್ಲಿಂದ ಬಂತು? ಒಂದು ಪಾಲು ಎರಡು ಹೈಡ್ರೋಜನ್ ಪರಮಾಣುಗಳು ಜೋಡಿಯಾಗಿ ಹೈಡ್ರೋಜನ್ ಅಣುವಾದಾಗ ಬರುತ್ತದೆ. ಇನ್ನೊಂದು ದೊಡ್ಡ ಪಾಲು ಸೋಡಿಯಮ್ ಅಯಾನನ್ನೂ ಹೈಡ್ರಾಕ್ಸೈಡ್ ಅಯಾನನ್ನೂ ಸುತ್ತಲಿನ ಬಹಳಷ್ಟು ನೀರಿನ ಅಣುಗಳು ಸುತ್ತುವರಿದಾಗ ಬರುತ್ತದೆ. ಇದು ಒಂಟಿಯಾಗಿ ಮಾಡುವ ಕೆಲಸವಲ್ಲ, ಊರು ಸೇರಿ ಮಾಡುವ ಕೆಲಸ. 2015ರಲ್ಲಿ ಪ್ರಾಗ್‌ನ ಪಾವೆಲ್ ಯುಂಗ್‌ವಿರ್ತ್ ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾದಿಂದ ತೋರಿಸಿದ್ದೂ ಇಂಥದ್ದೇ ಸಾಮೂಹಿಕ ವಿದ್ಯಮಾನವನ್ನು: ಕ್ಷಾರಲೋಹದ ಹನಿಯಿಂದ ಎಲೆಕ್ಟ್ರಾನ್‌ಗಳು ಒಮ್ಮೆಲೇ ನೀರಿಗೆ ಹಾರಿಹೋಗಿ, ಉಳಿದ ಧನ ಆವೇಶಗಳು ಒಂದನ್ನೊಂದು ದೂಡಿ, ಹನಿಯೇ ಮುಳ್ಳುಮುಳ್ಳಾಗಿ ಸಿಡಿಯುತ್ತದೆ. ಒಂದೇ ಪರಮಾಣುವಿಗೆ ಆ ಸೌಲಭ್ಯವಿಲ್ಲ. ಅತಿಶೀತದಲ್ಲಿ ಅದು ನೀರನ್ನು ಸಡಿಲವಾಗಿ ಹಿಡಿದುಕೊಂಡು ಸುಮ್ಮನೆ ಇರುತ್ತದೆ.

ತಣ್ಣಗಿರಬೇಕು ಸರಿ, ಆದರೆ ಮೀನಿಗೆ ಹಾಕುವ ಐಸ್ ಸಾಲದೇ? ಅಷ್ಟೊಂದು ಕೆಳಗೆ ಏಕೆ ಹೋಗಬೇಕು?

ಬಂಗಡೆಯನ್ನು ಕೆಡದಂತೆ ಇಡುವ ಐಸು 273 ಕೆಲ್ವಿನ್‌ನಲ್ಲಿರುತ್ತದೆ. ನಮ್ಮ ಪ್ರಯೋಗಗಳು ನಡೆಯುವುದು 4ರಿಂದ 20 ಕೆಲ್ವಿನ್‌ನ ನಡುವೆ, ಅಂದರೆ ಸೊನ್ನೆ ಡಿಗ್ರಿಗಿಂತ ಸುಮಾರು 260 ಡಿಗ್ರಿ ಕೆಳಗೆ. ಅಂತರ ಎಷ್ಟೆಂದು ಒಂದು ಲೆಕ್ಕದಿಂದ ಹೇಳುತ್ತೇನೆ. ಒಂದು ಕ್ರಿಯೆ ನಡೆಯಲು ಮೋಲಿಗೆ 20 ಕಿಲೋಜೂಲ್ ಶಕ್ತಿಯ ಸಣ್ಣ ದಿಬ್ಬವೊಂದನ್ನು ಹತ್ತಬೇಕಿದೆ ಎಂದುಕೊಳ್ಳಿ. 300 ಕೆಲ್ವಿನ್‌ನಲ್ಲಿ ಸುಮಾರು ಮೂರು ಸಾವಿರ ಪ್ರಯತ್ನಗಳಲ್ಲಿ ಒಂದು ಯಶಸ್ವಿಯಾಗುತ್ತದೆ. ಅಣುಗಳು ಸೆಕೆಂಡಿಗೆ ಲಕ್ಷ ಕೋಟಿ ಸಲ ಪ್ರಯತ್ನಿಸುವುದರಿಂದ ಕ್ರಿಯೆ ಕಣ್ಣುಮಿಟುಕಿಸುವುದರೊಳಗೆ ಮುಗಿದಿರುತ್ತದೆ. 10 ಕೆಲ್ವಿನ್‌ನಲ್ಲಿ ಅದೇ ವೇಗದಲ್ಲಿ ಪ್ರಯತ್ನಿಸುತ್ತಾ ಈ ವಿಶ್ವದ ವಯಸ್ಸಿನಷ್ಟು ಕಾಲ ಕಳೆದರೂ ಒಂದೇ ಒಂದು ಸಲ ಶಾಖದ ಬಲದಿಂದ ದಿಬ್ಬ ದಾಟುವ ಸಂಭವವಿಲ್ಲ.

ಹೀಗೆ ಶಾಖವನ್ನು ಪೂರ್ತಿ ಹೊರಗಿಟ್ಟ ಮೇಲೆ ಏನಾದರೂ ನಡೆದರೆ ಅದು ದಿಬ್ಬವೇ ಇಲ್ಲದ ಕ್ರಿಯೆಯಾಗಿರಬೇಕು, ಇಲ್ಲವೇ ನಾವು ಹಾಯಿಸಿದ ಬೆಳಕಿನಿಂದ ಆದದ್ದಾಗಿರಬೇಕು. (ಮೂರನೆಯ ಕಳ್ಳದಾರಿಯೊಂದಿದೆ, ಅದಕ್ಕೆ ಕೊನೆಯ ಭಾಗದಲ್ಲಿ ಬರುತ್ತೇನೆ.) ಚಳಿ ಇಲ್ಲಿ ಕ್ರಿಯೆಯ ಕಾರಣವಲ್ಲ. ಅದು ಗದ್ದಲ ನಿಲ್ಲಿಸುವ ಉಪಾಯ.

ಪ್ರಯೋಗದ ಒಳಗೆ

ಒಂದೊಂದೇ ಪರಮಾಣುವನ್ನು ಬೇರೆಬೇರೆಯಾಗಿ ಹಿಡಿದಿಡುವುದು ಹೇಗೆ ಸಾಧ್ಯ?

ಇದಕ್ಕೆ ಮ್ಯಾಟ್ರಿಕ್ಸ್ ಐಸೊಲೇಶನ್ ಎಂಬ ವಿಧಾನವಿದೆ. 1954ರಲ್ಲಿ ಬರ್ಕ್ಲಿಯ ಜಾರ್ಜ್ ಪಿಮೆಂಟೆಲ್ ಮತ್ತು ಸಹೋದ್ಯೋಗಿಗಳು ಇದನ್ನು ಮುಂದಿಟ್ಟರು. ಹೆಸರು ಕೇಳಿ ಹೆದರಬೇಕಿಲ್ಲ, ತತ್ವ ಸರಳ. ಗಾಳಿ ಪೂರ್ತಿ ತೆಗೆದ ಕೊಠಡಿಯೊಳಗೆ ಸೀಸಿಯಮ್ ಅಯೊಡೈಡಿನ ಒಂದು ಪಾರದರ್ಶಕ ಬಿಲ್ಲೆಯನ್ನು ಹೀಲಿಯಮ್ ಶೀತಕ ಯಂತ್ರದ ತುದಿಗೆ ಜೋಡಿಸಿ 10 ಕೆಲ್ವಿನ್‌ಗೆ ಇಳಿಸುತ್ತಾರೆ. ಗಾಜನ್ನು ಬಳಸುವುದಿಲ್ಲ, ಏಕೆಂದರೆ ಅದು ಅವಕೆಂಪು ಬೆಳಕನ್ನು ತಡೆಯುತ್ತದೆ. ಒಂದು ಕಡೆಯಿಂದ ಆರ್ಗಾನ್ ಅನಿಲವನ್ನು ಅತ್ಯಲ್ಪ ನೀರಿನ ಆವಿಯೊಡನೆ ಬೆರೆಸಿ ಬಿಲ್ಲೆಯ ಮೇಲೆ ನಿಧಾನವಾಗಿ ಹಾಯಿಸುತ್ತಾರೆ. ಇನ್ನೊಂದು ಕಡೆಯಿಂದ ಪುಟ್ಟ ಕುಲುಮೆಯಲ್ಲಿ ಕಾಯಿಸಿದ ಲೋಹದ ಆವಿ ಬರುತ್ತದೆ. ಸೋಡಿಯಮ್‌ಗೆ ಕೆಲವು ನೂರು ಡಿಗ್ರಿ ಸಾಕಾದರೆ ಕಬ್ಬಿಣಕ್ಕೆ ಸಾವಿರ ಡಿಗ್ರಿಗೂ ಮೇಲೆ ಬೇಕು. ಕಾಯಿಸಲು ಸುಲಭವಾಗಿ ಒಗ್ಗದ ಲೋಹಗಳನ್ನು ಲೇಸರ್ ಮಿಂಚಿನಿಂದ ಆವಿ ಮಾಡುವ ಪದ್ಧತಿಯೂ ಈಗ ಬಳಕೆಯಲ್ಲಿದೆ.

ಸಾವಿರ ಡಿಗ್ರಿಯ ಆವಿ ಬಂದು ಬಿಲ್ಲೆಗೆ ತಾಗಿದ ಕ್ಷಣವೇ ಆರ್ಗಾನ್‌ನೊಡನೆ ಹೆಪ್ಪುಗಟ್ಟುತ್ತದೆ. ನೀರಿನ ಒಂದು ಅಣುವಿಗೆ ಆರ್ಗಾನ್‌ನ ಕೆಲವು ನೂರರಿಂದ ಸಾವಿರ ಪರಮಾಣುಗಳಿರುವಂತೆ ಪ್ರಮಾಣವನ್ನು ಇಡುವುದರಿಂದ ಒಂದು ಲೋಹದ ಪರಮಾಣು ಇನ್ನೊಂದನ್ನು ಸೇರಲಾರದು. ಬಹುತೇಕ ಪರಮಾಣುಗಳು ಒಂಟಿಯಾಗಿ, ಕೆಲವು ಮಾತ್ರ ನೀರಿನ ಒಂದು ಅಣುವಿನ ಪಕ್ಕದಲ್ಲಿ ಸಿಕ್ಕಿಕೊಳ್ಳುತ್ತವೆ. ಆ ಕೆಲವೇ ನಮಗೆ ಬೇಕಾದವು. ಗಂಟೆಗಟ್ಟಲೆ ಕಾದು ಕೂರುವ ಈ ಕೆಲಸದಲ್ಲಿ ಕೈಚಳಕಕ್ಕಿಂತ ತಾಳ್ಮೆ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಆರ್ಗಾನ್ ನಿಜವಾಗಿಯೂ ಏನೂ ಮಾಡದೆ ಸುಮ್ಮನಿರುತ್ತದೆಯೇ?

ರಾಸಾಯನಿಕವಾಗಿ ಬಹುಮಟ್ಟಿಗೆ ಹೌದು, ಭೌತಿಕವಾಗಿ ಇಲ್ಲ. ಪರಮಾಣುವನ್ನು ಸುತ್ತುವರಿದ ಆರ್ಗಾನ್ ಪಂಜರವು ಅದರ ಶಕ್ತಿಮಟ್ಟಗಳನ್ನು ಸ್ವಲ್ಪ ಅತ್ತಿತ್ತ ಸರಿಸುತ್ತದೆ. ಅನಿಲದಲ್ಲಿ ಸೂಜಿಮೊನೆಯಂತಿರುವ ಹೀರಿಕೆಯ ರೇಖೆ ಇಲ್ಲಿ ಅಗಲವಾದ ಪಟ್ಟಿಯಾಗಿ, ಕೊಂಚ ಬೇರೆ ಜಾಗದಲ್ಲಿ ಕಾಣುತ್ತದೆ. ಆದ್ದರಿಂದಲೇ ಒಂದೇ ಪ್ರಯೋಗವನ್ನು ನಿಯಾನ್, ಆರ್ಗಾನ್, ಕ್ರಿಪ್ಟಾನ್‌ಗಳಲ್ಲಿ ಬೇರೆಬೇರೆಯಾಗಿ ಮಾಡಿ ಹೋಲಿಸುವ ರೂಢಿಯಿದೆ. ಇವುಗಳಲ್ಲಿ ನಿಯಾನ್ ಎಲ್ಲಕ್ಕಿಂತ ಕಡಿಮೆ ತೊಂದರೆ ಕೊಡುತ್ತದೆ, ಆದರೆ ಅದರ ಕರಗುಬಿಂದು 24.6 ಕೆಲ್ವಿನ್ ಆದ್ದರಿಂದ ಅದನ್ನು ಹಿಡಿದಿಡಲು ಇನ್ನೂ ಹೆಚ್ಚಿನ ಚಳಿ ಬೇಕು. ಆರ್ಗಾನ್ 83.8 ಕೆಲ್ವಿನ್‌ವರೆಗೆ ಘನವಾಗಿಯೇ ಇದ್ದರೂ 30–35 ಕೆಲ್ವಿನ್ ಮುಟ್ಟುವಷ್ಟರಲ್ಲಿ ಮೆತ್ತಗಾಗಿ, ಒಳಗಿನವರು ಓಡಾಡತೊಡಗುತ್ತಾರೆ. ಬೇಕೆಂದೇ ಹೀಗೆ ಸ್ವಲ್ಪ ಬಿಸಿ ಮಾಡಿ, ದೂರವಿದ್ದ ನೀರನ್ನೂ ಲೋಹವನ್ನೂ ಹತ್ತಿರ ತರುವುದೂ ಉಂಟು.

ಕಣ್ಣಿಗೆ ಕಾಣದ, ತೂಗಲಾಗದ ಪದಾರ್ಥವನ್ನು ಹೊಸ ಅಣು ಎಂದು ಯಾವ ಧೈರ್ಯದಿಂದ ಹೇಳುತ್ತೀರಿ?

ಅವಕೆಂಪು ರೋಹಿತದ, ಅಂದರೆ ಪದಾರ್ಥ ಯಾವ ಯಾವ ಅವಕೆಂಪು ಬೆಳಕನ್ನು ಹೀರಿತು ಎಂಬ ದಾಖಲೆಯ, ಧೈರ್ಯದಿಂದ. ನೀರಿನ ಅಣುವಿಗೆ ಮೂರು ಬಗೆಯ ಕಂಪನಗಳಿವೆ. ಅನಿಲದಲ್ಲಿ ಅವು 3657, 1595 ಮತ್ತು 3756 ತರಂಗಸಂಖ್ಯೆಗಳಲ್ಲಿ (ಒಂದು ಸೆಂಟಿಮೀಟರಿನಲ್ಲಿ ಬೆಳಕಿನ ಎಷ್ಟು ಅಲೆಗಳು ಎಂಬ ಎಣಿಕೆ) ಕಾಣುತ್ತವೆ. ಇವುಗಳಲ್ಲಿ 1595ರದ್ದು ಅಣು ಕತ್ತರಿಯಂತೆ ತೆರೆದು ಮುಚ್ಚುವ ಬಾಗುಕಂಪನ. ಆರ್ಗಾನ್‌ನಲ್ಲಿ ಅದು 1590ರ ಆಸುಪಾಸಿಗೆ ಬರುತ್ತದೆ. ಲೋಹದ ಪರಮಾಣು ಆಕ್ಸಿಜನ್ನಿಗೆ ಅಂಟಿಕೊಂಡಾಗ ಈ ಬಾಗುಕಂಪನ ಸಾಮಾನ್ಯವಾಗಿ ಹತ್ತರಿಂದ ಮೂವತ್ತು ತರಂಗಸಂಖ್ಯೆಗಳಷ್ಟು ಕೆಳಗಿಳಿಯುತ್ತದೆ. ಇನ್ನೊಂದು ಸುಳಿವು ನನಗೆ ಬಹಳ ಸೊಗಸಾಗಿ ತೋರುತ್ತದೆ: ನೀರಿನ ಅಣು ಎಷ್ಟು ಚಿಕ್ಕದೆಂದರೆ ಘನ ಆರ್ಗಾನ್‌ನ ಪಂಜರದೊಳಗೂ ಅದು ಗಿರಗಿರ ತಿರುಗುತ್ತಿರುತ್ತದೆ, ಲೋಹ ಅಂಟಿದ ಕೂಡಲೇ ತಿರುಗುವುದು ನಿಲ್ಲುತ್ತದೆ, ತಿರುಗುವಿಕೆಯ ರೇಖೆಗಳು ಅದರ ರೋಹಿತದಲ್ಲಿ ಇರುವುದಿಲ್ಲ.

ಬೆಳಕು ಹಾಯಿಸಿ ನೀರು ಒಡೆದಾಗ ಚಿತ್ರವೇ ಬೇರೆ. ಬಾಗುಕಂಪನ ಕುಗ್ಗುತ್ತದೆ, ಅದಕ್ಕೆ ಸರಿಯಾಗಿ, ನೀರಿನಲ್ಲಿ ಇರಲೇ ಇಲ್ಲದ ಲೋಹ–ಹೈಡ್ರೋಜನ್ ಬಂಧದ ಪಟ್ಟಿಯೊಂದು 1500ರಿಂದ 1900ರ ನಡುವೆ ಎಲ್ಲೋ ಏಳುತ್ತದೆ, ಲೋಹ–ಆಕ್ಸಿಜನ್ ಬಂಧದ ಪಟ್ಟಿ ಕೆಳಗೆ ಕೆಲವು ನೂರರಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಕುಗ್ಗಿದಷ್ಟೂ ಇನ್ನೊಂದು ಬೆಳೆಯುತ್ತದೆ. ಆಗ ಲೋಹವು ನೀರಿನ ಆಕ್ಸಿಜನ್–ಹೈಡ್ರೋಜನ್ ಬಂಧದ ನಡುವೆ ನುಗ್ಗಿ, ಒಂದು ಕೈಯಲ್ಲಿ ಹೈಡ್ರೋಜನ್, ಇನ್ನೊಂದು ಕೈಯಲ್ಲಿ ಹೈಡ್ರಾಕ್ಸಿಲ್ ಹಿಡಿದು ನಿಂತಿದೆ ಎಂದು ತಿಳಿಯುತ್ತೇವೆ.

ಕೈಗಾ ಸ್ಥಾವರದಲ್ಲಿ ಬಳಸುವ ಭಾರಜಲವೇ ಇಲ್ಲಿಯೂ ಬೇಕಾಗುತ್ತದೆಯಂತೆ, ಹೌದೇ?

ಹೌದು, ಆದರೆ ಕೈಗಾದಲ್ಲಿ ಟನ್‌ಗಟ್ಟಲೆ, ಇಲ್ಲಿ ಹನಿಯಷ್ಟು. ಅಲ್ಲಿನ 220 ಮೆಗಾವ್ಯಾಟ್‌ಗಳ ನಾಲ್ಕೂ ಘಟಕಗಳಲ್ಲಿ ಭಾರಜಲ ನ್ಯೂಟ್ರಾನ್‌ಗಳ ವೇಗ ತಗ್ಗಿಸಲೂ ಇಂಧನದ ಶಾಖ ಒಯ್ಯಲೂ ಬಳಕೆಯಾಗುತ್ತದೆ. ನಮಗೆ ಅದು ಸಾಕ್ಷಿ ಹೇಳಲು ಬೇಕು. ಭಾರಜಲದಲ್ಲಿರುವಂತೆ ಹೈಡ್ರೋಜನ್ ಜಾಗದಲ್ಲಿ ಎರಡು ಪಟ್ಟು ತೂಕದ ಡ್ಯುಟೀರಿಯಮ್ ಇದ್ದರೆ ಕಂಪನ ನಿಧಾನವಾಗುತ್ತದೆ. ಉದಾಹರಣೆಗೆ 1700ರ ಬಳಿ ಕಂಡ ಪಟ್ಟಿ ಲೋಹ–ಹೈಡ್ರೋಜನ್ ಬಂಧದ್ದೇ ಆಗಿದ್ದರೆ ಭಾರಜಲದ ಪ್ರಯೋಗದಲ್ಲಿ ಅದು 1230ರ ಆಸುಪಾಸಿಗೆ ಇಳಿಯಲೇಬೇಕು. ಇಳಿಯದಿದ್ದರೆ ಆ ಪಟ್ಟಿ ಬೇರೆ ಯಾವುದರದ್ದೋ. ಇದೇ ರೀತಿ 18 ತೂಕದ ಆಕ್ಸಿಜನ್ ಇರುವ ನೀರಿನಿಂದ ಲೋಹ–ಆಕ್ಸಿಜನ್ ಬಂಧವನ್ನು ಗುರುತಿಸುತ್ತಾರೆ.

ಕೈಗಾದ ಮಾತು ಬಂದಾಗ ಇನ್ನೊಂದು ಪ್ರಶ್ನೆಯೂ ಬೆನ್ನಿಗೇ ಬರುತ್ತದೆ: ರಿಯಾಕ್ಟರಿನ ಜಿರ್ಕೋನಿಯಮ್ ಕೊಳವೆಗಳು ನೀರಿನೊಡನೆ ಕ್ರಿಯೆ ನಡೆಸುವುದೂ ಇದೇ ಏನು? 2011ರಲ್ಲಿ ಫುಕುಶಿಮಾದಲ್ಲಿ ಹೈಡ್ರೋಜನ್ ಹುಟ್ಟಿದ್ದು ವಿಪರೀತ ಕಾದ ಜಿರ್ಕೋನಿಯಮ್‌ಗೆ ಹಬೆ ತಾಗಿ. ಅದು ಶಾಖದ ರಸಾಯನ, ಬೆಳಕಿನದಲ್ಲ. ಎರಡಕ್ಕೂ ಸಮಾನವಾದದ್ದು ಲೋಹವು ನೀರಿನ ಆಕ್ಸಿಜನ್ನನ್ನು ಕಸಿದು ಹೈಡ್ರೋಜನ್ ಬಿಡುವುದು ಮಾತ್ರ.

ಬೆಳಕಿನ ಕೆಲಸ

ಬೆಳಕು ಒಡೆಯುವುದು ನೀರನ್ನೋ, ಅಥವಾ ಅದು ಕೆಣಕುವುದು ಲೋಹವನ್ನೋ?

ಲೋಹವನ್ನು. ನೀರು ತಾನಾಗಿ ಹೀರುವ ನೇರಳಾತೀತ ಬೆಳಕು ಸುಮಾರು 190 ನ್ಯಾನೋಮೀಟರಿಗಿಂತ ಕೆಳಗಿನದು. ಪ್ರಯೋಗಗಳಲ್ಲಿ ಹಾಯಿಸುವುದು ಅದಕ್ಕಿಂತ ಬಹಳ ಮೃದುವಾದ, 250ರಿಂದ 400 ನ್ಯಾನೋಮೀಟರಿನಂಥ ಬೆಳಕು. ನೀರಿಗೆ ಅದು ಕಾಣಿಸುವುದೇ ಇಲ್ಲ. ಆದರೆ ಲೋಹದ ಪರಮಾಣುಗಳು ಇಂಥ ಬೆಳಕನ್ನು ಅತ್ಯಾಸೆಯಿಂದ ಹೀರುತ್ತವೆ: ಅನಿಲದಲ್ಲಿ ಮೆಗ್ನೀಸಿಯಮ್ 285.2ರಲ್ಲಿ, ತಾಮ್ರ 324.7ರಲ್ಲಿ, ಸೋಡಿಯಮ್ ಕಣ್ಣಿಗೆ ಕಾಣುವ ಹಳದಿಯಲ್ಲೇ, 589ರಲ್ಲಿ.

300 ನ್ಯಾನೋಮೀಟರ್ ಬೆಳಕಿನ ಶಕ್ತಿ ಮೋಲಿಗೆ ಸುಮಾರು 400 ಕಿಲೋಜೂಲ್. ನೀರಿನ ಮೊದಲ ಆಕ್ಸಿಜನ್–ಹೈಡ್ರೋಜನ್ ಬಂಧವನ್ನು ಮುರಿಯಲು 497 ಬೇಕು. ಹಾಗಾದರೆ ಸಾಲದಲ್ಲ ಎಂದು ಚುರುಕಾದ ವಿದ್ಯಾರ್ಥಿಗಳು ತಕ್ಷಣ ಹಿಡಿಯುತ್ತಾರೆ. ಬಂಧವನ್ನು ಬರಿಗೈಯಲ್ಲಿ ಮುರಿಯುವುದಾದರೆ ಸಾಲದು. ಆದರೆ ಇಲ್ಲಿ ಒಂದು ಬಂಧ ಹೋಗುವಾಗಲೇ ಲೋಹ–ಹೈಡ್ರೋಜನ್, ಲೋಹ–ಆಕ್ಸಿಜನ್ ಎಂಬ ಎರಡು ಹೊಸ ಬಂಧಗಳು ಹುಟ್ಟುತ್ತವೆ. ಖರ್ಚಿನ ಬಹುಭಾಗವನ್ನು ಅವೇ ತುಂಬುತ್ತವೆ. ಉದ್ರಿಕ್ತಗೊಂಡ, ಅಂದರೆ ಬೆಳಕು ಹೀರಿ ಶಕ್ತಿ ತುಂಬಿಕೊಂಡ, ಲೋಹಕ್ಕೆ ನಡುವಿನ ದಿಬ್ಬ ಉಳಿದಿರುವುದಿಲ್ಲ, ಅಥವಾ ತೀರ ಸಣ್ಣದಾಗಿರುತ್ತದೆ.

ಯಾವ ಬೆಳಕಾದರೂ ನಡೆಯುತ್ತದೆಯೇ? ಕಾರವಾರದ ಏಪ್ರಿಲ್ ಬಿಸಿಲಿಗೆ ಇಟ್ಟರೆ ಸಾಲದೇ?

ಬಿಸಿಲು ಎಷ್ಟೇ ಖಾರವಾಗಿದ್ದರೂ ಓಝೋನ್ ಪದರದಿಂದಾಗಿ ಸುಮಾರು 290 ನ್ಯಾನೋಮೀಟರಿಗಿಂತ ಕೆಳಗಿನ ಬೆಳಕು ನೆಲಕ್ಕೆ ತಲುಪುವುದೇ ಇಲ್ಲ. ಮೆಗ್ನೀಸಿಯಮ್‌ನಂಥ ಪರಮಾಣುವಿಗೆ ಬೇಕಾದ ಬೆಳಕು ಅಲ್ಲಿಗೇ ಸೋರಿಹೋಯಿತು. ಆದ್ದರಿಂದ ಪಾದರಸದ ದೀಪ, ಬೇಡದ ಬಣ್ಣ ಸೋಸುವ ಫಿಲ್ಟರ್, ನೇರಳಾತೀತವನ್ನು ಬಿಡುವ ಸ್ಫಟಿಕದ ಕಿಟಕಿ ಇವೆಲ್ಲ ಬೇಕು. ಫಿಲ್ಟರ್ ಬದಲಿಸುತ್ತಾ ಹೋಗಿ, ಯಾವ ಬಣ್ಣಕ್ಕೆ ಕ್ರಿಯೆ ಶುರುವಾಯಿತು, ಯಾವುದಕ್ಕೆ ಆಗಲಿಲ್ಲ ಎಂದು ಗುರುತಿಸುವುದೇ ಈ ಅಧ್ಯಯನದ ಜೀವಾಳ.

ಎಲ್ಲ ಲೋಹಗಳೂ ಬೆಳಕಿಗಾಗಿ ಕಾಯುತ್ತವೆಯೇ?

ಇಲ್ಲ. ಇದನ್ನು ಕ್ರಮಬದ್ಧವಾಗಿ ನೋಡಿದವರು ಅಮೆರಿಕದ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಜಾನ್ ಮಾರ್‌ಗ್ರೇವ್, ರಾಬರ್ಟ್ ಹೌಗೆ ಮತ್ತು ಸಂಗಡಿಗರು. 1980ರ ದಶಕದ ಅವರ ಕೆಲಸದಿಂದ ತಿಳಿದದ್ದೇನೆಂದರೆ ಅಲ್ಯೂಮಿನಿಯಮ್, ಸ್ಕ್ಯಾಂಡಿಯಮ್, ಟೈಟೇನಿಯಮ್, ವನೇಡಿಯಮ್ ಕಾಯುವುದೇ ಇಲ್ಲ. ಬಿಲ್ಲೆಯ ಮೇಲೆ ಹೆಪ್ಪುಗಟ್ಟುವಷ್ಟರಲ್ಲೇ ನೀರನ್ನು ಒಡೆದಿರುತ್ತವೆ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ನಮ್ಮ ಜೋಯಿಡಾ ಕಡೆಯ ಗಣಿಗಳಿಂದ ಪರಿಚಿತವಾದ ಮ್ಯಾಂಗನೀಸ್, ಹಾಗೆಯೇ ಮೆಗ್ನೀಸಿಯಮ್ ನೀರನ್ನು ಹಿಡಿದುಕೊಂಡು ಬೆಳಕು ಬೀಳುವವರೆಗೆ ಕಾಯುತ್ತವೆ. ವಾರಗಟ್ಟಲೆ ಕತ್ತಲಲ್ಲಿ ಇಟ್ಟರೂ ಕಬ್ಬಿಣ–ನೀರಿನ ಜೋಡಿ ಜೋಡಿಯಾಗಿಯೇ ಉಳಿಯಬಲ್ಲದು. ಮಳೆಗಾಲದಲ್ಲಿ ಒಂದೇ ವಾರಕ್ಕೆ ಕತ್ತಿಗೆ ತುಕ್ಕು ಹಿಡಿಯುವ ಊರಿನವರಿಗೆ ಇದು ನಂಬಲು ಕಷ್ಟ.

ಒಮ್ಮೆ ಒಡೆದ ಮೇಲೆ ಕಥೆ ಮುಗಿಯಿತೇ?

ಮುಗಿಯುವುದಿಲ್ಲ, ಏಕೆಂದರೆ ಹೊಸ ಅಣುವೂ ಬೆಳಕನ್ನು ಹೀರಬಲ್ಲದು. ಆಗ ಎರಡು ದಾರಿಗಳಿವೆ. ಒಂದರಲ್ಲಿ ಹೈಡ್ರೋಜನ್ ಪರಮಾಣುವೊಂದು ಕಳಚಿಕೊಂಡು ಲೋಹದ ಹೈಡ್ರಾಕ್ಸೈಡ್ ಉಳಿಯುತ್ತದೆ. ಇನ್ನೊಂದರಲ್ಲಿ ಎರಡೂ ಹೈಡ್ರೋಜನ್‌ಗಳು ಜೋಡಿಯಾಗಿ ಅಣುವಾಗಿ ಹೊರಟು ಲೋಹದ ಆಕ್ಸೈಡ್ ಉಳಿಯುತ್ತದೆ. ಯಾವುದು ಮೇಲಾಗುತ್ತದೆ ಎಂಬುದು ಲೋಹದ ಮೇಲೂ ಬೆಳಕಿನ ಬಣ್ಣದ ಮೇಲೂ ನಿಂತಿದೆ. ಮೊದಲ ದಾರಿಯಲ್ಲಿ ಪಂಜರದ ಪಾತ್ರ ದೊಡ್ಡದು: ಕಳಚಿದ ತುಣುಕು ಆರ್ಗಾನ್ ಗೋಡೆಗೆ ಬಡಿದು ಹಿಂದಿರುಗಿ ಮತ್ತೆ ಸೇರಿಕೊಂಡರೆ ನಮಗೆ ಏನೂ ನಡೆದಂತೆಯೇ ಕಾಣುವುದಿಲ್ಲ. ಹೈಡ್ರೋಜನ್ ಪರಮಾಣು ಅತಿ ಚಿಕ್ಕದಾದ್ದರಿಂದ ಸಂದಿಯಲ್ಲಿ ನುಸುಳಿ ತಪ್ಪಿಸಿಕೊಳ್ಳಬಲ್ಲದು. ಹಾಗೆ ತಪ್ಪಿಸಿಕೊಂಡದ್ದನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನ ಎಂಬ ಇನ್ನೊಂದು ವಿಧಾನದಿಂದ ಹಿಡಿಯುತ್ತಾರೆ. ಕಾಂತಕ್ಷೇತ್ರದ ಅಳತೆಯಲ್ಲಿ ಸುಮಾರು 507 ಗಾಸ್ ಅಂತರದ ಎರಡು ರೇಖೆಗಳು ಕಂಡರೆ ಅದು ಒಂಟಿ ಹೈಡ್ರೋಜನ್ ಪರಮಾಣುವೇ.

ಇನ್ನೂ ಆಳಕ್ಕೆ

ಆವರ್ತ ಕೋಷ್ಟಕದಲ್ಲಿ ಮೆಗ್ನೀಸಿಯಮ್ ಮತ್ತು ಅಲ್ಯೂಮಿನಿಯಮ್ ಪಕ್ಕಪಕ್ಕದ ಮನೆಯವರು. ಒಬ್ಬರು ಕಾಯುವುದು, ಇನ್ನೊಬ್ಬರು ಕಾಯದಿರುವುದು ಏಕೆ?

ಮೆಗ್ನೀಸಿಯಮ್‌ನ ಹೊರಕವಚದಲ್ಲಿ ಎಸ್ ಕಕ್ಷಕ ಎರಡು ಎಲೆಕ್ಟ್ರಾನ್‌ಗಳಿಂದ ತುಂಬಿದೆ. ಆ ತುಂಬಿದ ಮೋಡಕ್ಕೆ ಆಕ್ಸಿಜನ್ನಿನ ತುಂಬಿದ ಒಂಟಿ ಜೋಡಿ ಎದುರಾದಾಗ ಎರಡೂ ಒಂದನ್ನೊಂದು ದೂಡುತ್ತವೆ. ಆದ್ದರಿಂದ ಹಿಡಿತ ಸಡಿಲ, ದಿಬ್ಬ ಎತ್ತರ. 285 ನ್ಯಾನೋಮೀಟರಿನ ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಪಿ ಕಕ್ಷಕಕ್ಕೆ ಏರುತ್ತದೆ. ಇದರಿಂದ ಎರಡು ಅನುಕೂಲಗಳಾಗುತ್ತವೆ. ಎಸ್ ಕಕ್ಷಕದಲ್ಲಿ ಜಾಗ ತೆರವಾಗುತ್ತದೆ. ಜೊತೆಗೆ ಪಿ ಕಕ್ಷಕದ ಎರಡು ಹಾಲೆಗಳ ಆಕಾರವು ಆಕ್ಸಿಜನ್–ಹೈಡ್ರೋಜನ್ ಬಂಧದ ಖಾಲಿಯಿರುವ ಪ್ರತಿಬಂಧಕ ಕಕ್ಷಕಕ್ಕೆ ಬೀಗಕ್ಕೆ ಕೀಲಿಯಂತೆ ಹೊಂದುತ್ತದೆ. ಅಲ್ಲಿಗೆ ಎಲೆಕ್ಟ್ರಾನ್ ಹರಿದಂತೆ ಹಳೆಯ ಬಂಧ ಸಡಿಲಾಗುತ್ತದೆ, ಹೊಸ ಬಂಧಗಳು ಕೂಡಿಕೊಳ್ಳುತ್ತವೆ.

ಅಲ್ಯೂಮಿನಿಯಮ್‌ಗೆ ಈ ಪಿ ಎಲೆಕ್ಟ್ರಾನ್ ಹುಟ್ಟಿನಿಂದಲೇ ಇದೆ, ಖಾಲಿ ಪಿ ಕಕ್ಷಕಗಳೂ ಇವೆ. ಬೆಳಕು ಮೆಗ್ನೀಸಿಯಮ್‌ಗೆ ಕೊಡಬೇಕಾದುದರ ಒಂದು ಭಾಗ ಅದಕ್ಕೆ ಪಿತ್ರಾರ್ಜಿತವಾಗಿ ಬಂದಿದೆ ಎನ್ನಬಹುದು. ಸ್ಕ್ಯಾಂಡಿಯಮ್, ಟೈಟೇನಿಯಮ್‌ಗಳ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ, ಪಿ ಬದಲು ಖಾಲಿ ಡಿ ಕಕ್ಷಕಗಳು ಆಕ್ಸಿಜನ್ನಿನ ಜೋಡಿಯನ್ನು ಬರಮಾಡಿಕೊಳ್ಳುತ್ತವೆ. ಸಾಲಿನಲ್ಲಿ ಬಲಕ್ಕೆ ಹೋದಂತೆ ಡಿ ಕಕ್ಷಕಗಳು ತುಂಬುತ್ತಾ ಬಂದು ಆ ಸ್ವಾಗತ ಕಡಿಮೆಯಾಗುತ್ತದೆ, ಬೆಳಕಿನ ಅಗತ್ಯ ಶುರುವಾಗುತ್ತದೆ. ಇದು ಒರಟು ಚಿತ್ರವೇ ಸರಿ. ಆದರೆ ಮೊದಲ ಓದಿಗೆ ದಾರಿ ತಪ್ಪಿಸುವುದಿಲ್ಲ.

ಶಾಖವೂ ಇಲ್ಲದೆ ಬೆಳಕೂ ಇಲ್ಲದೆ ಕ್ರಿಯೆ ನಡೆಯುವ "ಕಳ್ಳದಾರಿ" ಎಂದಿರಲ್ಲ, ಅದು ಯಾವುದು?

ಕ್ವಾಂಟಮ್ ಸುರಂಗ ಸಾಗಣೆ. ಅತಿ ಹಗುರವಾದ ಹೈಡ್ರೋಜನ್ ಪರಮಾಣು ದಿಬ್ಬವನ್ನು ಹತ್ತದೆ, ಅದರ ಮೂಲಕವೇ ಆಚೆಗೆ ಕಾಣಿಸಿಕೊಳ್ಳಬಹುದು. ದಿಬ್ಬ ತೆಳ್ಳಗಿದ್ದಷ್ಟೂ ಇದರ ಸಂಭವ ಹೆಚ್ಚು, ಮತ್ತು ಉಷ್ಣತೆ ತಗ್ಗಿದರೂ ಇದು ನಿಲ್ಲುವುದಿಲ್ಲ. ಪರೀಕ್ಷೆಗೆ ಮತ್ತೆ ಭಾರಜಲವೇ ಸಾಧನ: ಡ್ಯುಟೀರಿಯಮ್ ಹಾಕಿದಾಗ ಕ್ರಿಯೆ ವಿಪರೀತ ನಿಧಾನವಾದರೆ ಸುರಂಗದ ಶಂಕೆ ಗಟ್ಟಿಯಾಗುತ್ತದೆ. ಆದ್ದರಿಂದ ಕತ್ತಲಲ್ಲಿ ತಾನಾಗಿ ನಡೆದ ಕ್ರಿಯೆಯನ್ನೆಲ್ಲ "ದಿಬ್ಬವಿಲ್ಲದ್ದು" ಎಂದು ಬರೆದುಬಿಡುವುದು ಅವಸರದ ತೀರ್ಮಾನವಾಗುತ್ತದೆ.

ನೀರಿನ ಒಂದು ಅಣುವಿನ ಬದಲು ಹಲವು ಅಣುಗಳು ಲೋಹವನ್ನು ಮುತ್ತಿಕೊಂಡರೆ?

ಇದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ ಬಂದದ್ದು ಘನ ಆರ್ಗಾನ್‌ನಿಂದಲ್ಲ, ನಿರ್ವಾತದಲ್ಲಿ ಹಾರುವ ಗೊಂಚಲುಗಳಿಂದ. 1990ರ ದಶಕದಲ್ಲಿ ಜಪಾನಿನ ಕಿಯೊಕಾಝು ಫುಕೆ ಅವರ ತಂಡ ಒಂದು ಎಲೆಕ್ಟ್ರಾನ್ ಕಳೆದ ಮೆಗ್ನೀಸಿಯಮ್ ಅಯಾನಿನ ಸುತ್ತ ಒಂದೊಂದಾಗಿ ನೀರಿನ ಅಣುಗಳನ್ನು ಕೂಡಿಸಿ ತೂಗಿ ನೋಡಿತು. ಐದು ಅಣುಗಳವರೆಗೆ ಅಯಾನು ನೀರನ್ನು ಬರಿದೆ ಹಿಡಿದಿತ್ತು. ಆರನೆಯದು ಬಂದಾಗ ಚಿತ್ರ ಬದಲಾಯಿತು: ಒಂದು ಹೈಡ್ರೋಜನ್ ಪರಮಾಣು ಹೊರಬಿದ್ದು ಮೆಗ್ನೀಸಿಯಮ್ ಹೈಡ್ರಾಕ್ಸೈಡ್ ಅಯಾನಿನ ಗೊಂಚಲುಗಳೇ ಮುಖ್ಯವಾದವು. ಹದಿನೈದರ ಆಸುಪಾಸಿನಲ್ಲಿ ಮತ್ತೆ ಹಳೆಯ ಬಗೆ ಮರಳಿತು. ಅಂದರೆ ನೀರಿನ ಒಂದು ಅಣು ಮಾಡಲಾರದ್ದನ್ನು ಆರು ಅಣುಗಳು ಸೇರಿ ಮಾಡುತ್ತವೆ, ಮತ್ತು ಹೆಚ್ಚು ಅಣುಗಳಿದ್ದರೆ ಹೆಚ್ಚು ಒಡೆಯುತ್ತದೆ ಎಂಬ ಸರಳ ಏರಿಕೆಯೂ ಇಲ್ಲಿಲ್ಲ. ಸೋಡಿಯಮ್ ಪ್ರಶ್ನೆಗೆ ಕೊಟ್ಟ "ಊರು ಸೇರಿ ಮಾಡುವ ಕೆಲಸ" ಎಂಬ ಉತ್ತರಕ್ಕೆ ಇದು ಎಣಿಸಿ ತೋರಿಸಿದ ಆಧಾರ.

ಇಂಥ ಚಳಿ ಇರುವುದು ಆಕಾಶದಲ್ಲಿ. ಅಲ್ಲಿ ಈ ಕ್ರಿಯೆಗಳು ನಡೆಯುತ್ತವೆಯೇ?

ನಕ್ಷತ್ರಗಳ ನಡುವಿನ ದಟ್ಟ ಮೋಡಗಳಲ್ಲಿ ಧೂಳಿನ ಕಣಗಳ ಮೇಲೆ ನೀರಿನ ಮಂಜು ಕೂತಿರುತ್ತದೆ, ಉಷ್ಣತೆ ಸುಮಾರು 10 ಕೆಲ್ವಿನ್. ಚಳಿ, ನೀರು, ನೇರಳಾತೀತ ಬೆಳಕು ಮೂರೂ ಅಲ್ಲಿವೆ. ಆದರೆ ಲೋಹಗಳು ಬಹುಪಾಲು ಕಲ್ಲಿನಂಥ ಧೂಳಿನೊಳಗೇ ಸೆರೆಯಾಗಿರುವುದರಿಂದ ಬಿಡಿ ಪರಮಾಣುಗಳು ವಿರಳ. ಅಲ್ಯೂಮಿನಿಯಮ್ ಹೈಡ್ರಾಕ್ಸೈಡಿನ ಒಂಟಿ ಅಣುವನ್ನು 2010ರಲ್ಲಿ ಗುರುತಿಸಿದ್ದು ತಣ್ಣನೆಯ ಮೋಡದಲ್ಲಲ್ಲ, ವಿವೈ ಕ್ಯಾನಿಸ್ ಮೇಜೋರಿಸ್ ಎಂಬ ದೈತ್ಯ ನಕ್ಷತ್ರದ ಸುತ್ತಲಿನ ಅನಿಲದಲ್ಲಿ.

ಹತ್ತಿರದ ಉದಾಹರಣೆ ನಮ್ಮ ತಲೆಯ ಮೇಲೆಯೇ ಇದೆ. ಉಲ್ಕೆಗಳು ಉರಿದು ಬಿಟ್ಟುಹೋದ ಸೋಡಿಯಮ್, ಕಬ್ಬಿಣ, ಮೆಗ್ನೀಸಿಯಮ್ ಪರಮಾಣುಗಳು ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ತೆಳುವಾದ ಪದರವಾಗಿ ತೇಲುತ್ತಿರುತ್ತವೆ. ಅಲ್ಲಿ ಸೋಡಿಯಮ್ ನೇರವಾಗಿ ನೀರನ್ನು ಒಡೆಯುವುದಿಲ್ಲ. ಮೊದಲು ಓಝೋನ್‌ನೊಡನೆ ಸೇರಿ ಆಕ್ಸೈಡಾಗಿ, ಆ ಆಕ್ಸೈಡು ನೀರಿನೊಡನೆ ಕ್ರಿಯೆ ನಡೆಸಿ ಹೈಡ್ರಾಕ್ಸೈಡಾಗುತ್ತದೆ. ಧ್ರುವಗಳ ಬೇಸಿಗೆಯಲ್ಲಿ ಆ ಎತ್ತರ ಸುಮಾರು 130 ಕೆಲ್ವಿನ್‌ಗೆ ತಣಿದು ಹಿಮಕಣಗಳ ಮೋಡ ಕಟ್ಟಿದಾಗ ಕಬ್ಬಿಣದ ಪರಮಾಣುಗಳು ಆ ಹಿಮಕ್ಕೆ ಅಂಟಿಕೊಂಡು ಪದರದಲ್ಲಿ ಖಾಲಿ ಜಾಗ ಬೀಳುವುದನ್ನು ದಕ್ಷಿಣ ಧ್ರುವದಲ್ಲಿ ಲೇಸರ್‌ನಿಂದ ನೋಡಿದ್ದಾರೆ.

ಬೆಳಕಿನಿಂದ ನೀರು ಒಡೆದು ಹೈಡ್ರೋಜನ್ ಬರುವುದಾದರೆ ಇದರಿಂದ ಇಂಧನ ಮಾಡಬಾರದೇಕೆ?

ಲೋಹ ಇಲ್ಲಿ ಖರ್ಚಾಗಿ ಹೋಗುತ್ತದೆ, ಮರಳಿ ಬರುವುದಿಲ್ಲ. ಜೊತೆಗೆ ಶೀತಕ ಯಂತ್ರ ತಿನ್ನುವ ವಿದ್ಯುತ್ತಿನ ಮುಂದೆ ಹುಟ್ಟುವ ಹೈಡ್ರೋಜನ್ ಲೆಕ್ಕಕ್ಕೇ ಇಲ್ಲ. ಇಂಧನಕ್ಕಾಗಿ ಬೇಕಾದದ್ದು ಲೋಹವನ್ನು ಪುನಃ ಪುನಃ ಬಳಸುವ ವೇಗವರ್ಧಕ. ಅಂಥದ್ದನ್ನು ರೂಪಿಸುವವರಿಗೆ, ಲೋಹದ ಯಾವ ಉದ್ರಿಕ್ತ ಸ್ಥಿತಿ ನೀರಿನ ಬಂಧವನ್ನು ಸಡಿಲಿಸುತ್ತದೆ ಎಂಬ ಮಾಹಿತಿ ಇಂಥ ಪ್ರಯೋಗಗಳಿಂದ ಸಿಗುತ್ತದೆ. ಅಷ್ಟಕ್ಕಿಂತ ಹೆಚ್ಚಿನ ಭರವಸೆ ಕೊಡುವುದು ಸರಿಯಲ್ಲ.

ನಮ್ಮ ಕಾಲೇಜಿನಲ್ಲಿ ಇದನ್ನು ಮಾಡಿ ನೋಡಬಹುದೇ?

10 ಕೆಲ್ವಿನ್‌ನ ಪ್ರಯೋಗವನ್ನು ಸಾಧಾರಣ ಕಾಲೇಜು ಮಾಡಲಾರದು. ನಿರ್ವಾತ ಪಂಪು, ಹೀಲಿಯಮ್ ಶೀತಕ, ಅವಕೆಂಪು ರೋಹಿತಮಾಪಕ ಮೂರೂ ದುಬಾರಿ. ಭಾರತದಲ್ಲಿ ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದಂಥ ಕೆಲವೇ ಕಡೆ ಮ್ಯಾಟ್ರಿಕ್ಸ್ ಐಸೊಲೇಶನ್ ಕೆಲಸ ನಡೆದಿದೆ. ಆದರೆ ಮೊದಲ ಹಂತವನ್ನು, ನೀರು ಲೋಹವನ್ನು ಹಿಡಿಯುವುದನ್ನು, ಯಾರೂ ನೋಡಬಹುದು. ಒಂದು ಚಿಟಿಕೆ ಮೈಲುತುತ್ತವನ್ನು ಪರೀಕ್ಷಾನಳಿಕೆಯಲ್ಲಿ ಹಾಕಿ, ಬಾಯಿಯನ್ನು ಸ್ವಲ್ಪ ಕೆಳಕ್ಕೆ ಓರೆಮಾಡಿ, ಸಣ್ಣ ಉರಿಯಲ್ಲಿ ಕಾಯಿಸಿ. ಹೊಗೆ ಬರುವಷ್ಟು ಕಾಯಿಸಬೇಡಿ. ನಳಿಕೆಯ ಬಾಯಿಯ ಬಳಿ ಹನಿಗಟ್ಟುವುದು ತಾಮ್ರ ಬಿಟ್ಟುಕೊಟ್ಟ ನೀರು. ತಣಿದ ಬಿಳಿ ಪುಡಿಯ ಮೇಲೆ ಒಂದು ಹನಿ ನೀರು ಬಿಟ್ಟು ನಳಿಕೆಯ ತಳವನ್ನು ಮುಟ್ಟಿ ನೋಡಿ: ನೀಲಿ ಮರಳುವಾಗ ಬೆರಳಿಗೆ ಬೆಚ್ಚಗೆ ತಾಗುತ್ತದೆ. ಮೈಲುತುತ್ತ ವಿಷ, ಕೈ ತೊಳೆಯದೆ ಕವಳ ಹಾಕಬೇಡಿ.